ಕೈ ಸೊಸೆಯದು, ಕೈಗುಣ ಅತ್ತೆಯದು

ಶದ್ಲಿಯಾ ಆ ಮನೆಗೆ ಸೊಸೆಯಾಗಿ ಬಂದ ದಿನ ಅತ್ತೆ ಹಲ್ಲೂಮಾ ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಕೈಗಳನ್ನು. ಎರಡನ್ನೂ ಹಿಡಿದು ಅಂಗೈ ಮೇಲೆ ಮಾಡಿ, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ಒತ್ತಿ ನೋಡಿ, "ದೊಡ್ಡ ಕೈ. ಒಳ್ಳೇದಾಯ್ತು, ಭಟ್ಟಿ ಪಾತ್ರೆ ಎತ್ತೋಕೆ ಬೇಕಾಗುತ್ತೆ" ಅಂದಳು. ಸುತ್ತ ನಿಂತ ಹೆಂಗಸರು ನಕ್ಕರು. ಮದುಮಗಳೂ ನಕ್ಕಳು. ಅತ್ತೆ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದಳು, ಪಾಪ.

ಸಮುದ್ರದಂಡೆಯ ನಮ್ಮ ನಾಬೆಲ್ ಊರಿನಲ್ಲಿ ಕಿತ್ತಳೆ ಹೂವಿನ ನೀರು ಇಳಿಸದ ಮನೆಯೇ ಇಲ್ಲ. ವಸಂತದಲ್ಲಿ ಯಾವ ಓಣಿಗೆ ಕಾಲಿಟ್ಟರೂ ಅದೇ ಘಮ. ಆದರೆ ಉಳಿದವರಿಗೆ ಅದು ವರ್ಷಕ್ಕೊಮ್ಮೆ ಬಂದು ಹೋಗುವ ಸಡಗರ. ಕಾಫಿಗೆ ನಾಲ್ಕು ಹನಿ, ಸಿಹಿತಿಂಡಿಗೆ ನಾಲ್ಕು ಹನಿ ಆದರೆ ಮುಗಿಯಿತು. ಹಲ್ಲೂಮಾಳ ಮನೆಯಲ್ಲಿ ಮಾತ್ರ ಒಲೆ ಆರುತ್ತಿದ್ದದ್ದೇ ಕಡಿಮೆ. ಮನೆಯ ಹಿಂದೆ ಎತ್ತರದ ಸುಣ್ಣದ ಗೋಡೆಯೊಳಗೆ ಅವಳ ಔಷಧಿ ತೋಟ. ನಡುವೆ ಕಹಿ ಕಿತ್ತಳೆಯ ಮುದಿ ಮರಗಳು, ಬುಡದಲ್ಲಿ ಮೊಣಕಾಲೆತ್ತರದ ಜೆರೇನಿಯಂ, ಬಾವಿಯ ಬದಿಗೆ ಪುದೀನ, ಬಿಸಿಲು ಹೊಡೆಯುವ ಕಡೆ ಕೆಮ್ಮಿನ ಝಾತರ್ ಸೊಪ್ಪು, ಗೋಡೆಯುದ್ದಕ್ಕೂ ರೋಸ್ಮೆರಿ, ಮೂಲೆಯಲ್ಲಿ ಹುಳದ ಬಾಧೆಗೆ ಮಾಚಿಪತ್ರೆ. ಮಕ್ಕಳ ಕೈಗೆ ಎಟುಕದ ಹಾಗೆ ಎತ್ತರದ ಪಾತಿಯಲ್ಲಿ ಮುಟ್ಟಿನ ನೋವಿಗೆ ಕೊಡುವ, ಘಾಟು ವಾಸನೆಯ ನಾಗದಾಳಿ. ಮಾರ್ಚ್ ಬಂತೆಂದರೆ ಹೂವು ಕೀಳಬೇಕು, ಅದು ಮುಗಿಯುವಷ್ಟರಲ್ಲಿ ಜೆರೇನಿಯಂ ಕಟಾವು, ಆಮೇಲೆ ಸೊಪ್ಪು ಒಣಗಿಸುವುದು, ಚಳಿಗಾಲಕ್ಕೆ ಮುಲಾಮು ಕಾಯಿಸುವುದು. ಇದೆಲ್ಲವನ್ನೂ ಆ ದೊಡ್ಡ ಕೈಗಳೇ ಮಾಡಿದವು.

ಅತ್ತೆ ಏನು ಮಾಡುತ್ತಿದ್ದಳು ಅಂದರೆ, ಕೂತಿರುತ್ತಿದ್ದಳು. ಮೊದಮೊದಲು ಕಲಿಸಿಕೊಟ್ಟವಳು ಅವಳೇ, ಅದರಲ್ಲಿ ಎರಡು ಮಾತಿಲ್ಲ. ಯಾವ ಸೊಪ್ಪನ್ನು ಹೂ ಬಿಡುವ ಮುಂಚೆ ಕೊಯ್ಯಬೇಕು, ಭಟ್ಟಿಯಿಂದ ಮೊದಲು ಇಳಿದ ನೀರನ್ನು ಯಾಕೆ ಬೇರೆ ಇಡಬೇಕು ಎಲ್ಲ ಹೇಳಿಕೊಟ್ಟಳು. ಸೊಸೆ ಕಲಿತಳು ಅಂತ ಖಾತ್ರಿಯಾದ ಮೇಲೆ ಹೊರಬಾಗಿಲ ಪಡಸಾಲೆಯ ಕಲ್ಲುಕಟ್ಟೆಗೆ ಕುರಿಚರ್ಮ ಹಾಸಿಕೊಂಡು ಕೂತವಳು, ಸಾಯುವವರೆಗೂ ಅಲ್ಲಿಂದ ಏಳಲಿಲ್ಲ ಅನ್ನಬೇಕು. ಓಣಿಯ ಹೆಂಗಸರು ಬರುವುದು ಅಲ್ಲಿಗೆ. ಪಡಸಾಲೆಗೂ ಅಂಗಳಕ್ಕೂ ನಡುವೆ ಒಂದು ಪರದೆ. ಪರದೆಯ ಆಚೆ ಅತ್ತೆ, ಈಚೆ ಸೊಸೆ.

"ತಲೆನೋವು ಯಾವಾಗಿಂದ?" ಅನ್ನುವಳು ಹಲ್ಲೂಮಾ.

"ಗುರುವಾರದಿಂದ, ಲಲ್ಲಾ." ಇದು ಎಣ್ಣೆ ಅಂಗಡಿಯವನ ಹೆಂಡತಿ ಝಕಿಯಾ. ದೊಡ್ಡ ಹೆಂಗಸರನ್ನು ಎಲ್ಲರೂ ಲಲ್ಲಾ ಅಂತಲೇ ಕರೆಯುವುದು.

"ಗುರುವಾರ ಮನೆಗೆ ಯಾರು ಬಂದ್ರು?"

"ಯಾರೂ ಇಲ್ಲ. ನಾದಿನಿ ಬಂದಿದ್ದಾಳೆ ಅಷ್ಟೆ."

"ಎಷ್ಟು ದಿನ ಇರ್ತಾಳಂತೆ?"

"ಅದೇ ಹೇಳ್ತಿಲ್ವಲ್ಲ ಲಲ್ಲಾ!" ಅಂದು ಝಕಿಯಾ ಅತ್ತೇಬಿಡುವಳು.

ಆಮೇಲೆ ನಾದಿನಿಯ ಗುಣಗಾನ. ನಾದಿನಿ ಕುಸ್ಕುಸ್‌ಗೆ ಉಪ್ಪು ಸಾಲದು ಅಂದದ್ದು, ಹೊದಿಕೆ ವಾಸನೆ ಅಂದದ್ದು, ಎಲ್ಲ. ಹಲ್ಲೂಮಾ ನಡುನಡುವೆ "ಹೌದಾ? ಅವಳ ಮನೇಲಿ ಗುಲಾಬಿ ಹಾಸ್ಕೊಂಡು ಮಲಗ್ತಾಳೇನೋ!" ಅನ್ನುವಳು. ಪರದೆಯ ಈಚೆ ಶದ್ಲಿಯಾ ಕುದಿಯುವ ಪಾತ್ರೆಯ ಆವಿ ತಣಿಸಲು ಹಾಕಿದ ಒದ್ದೆ ಬಟ್ಟೆ ಬದಲಿಸುತ್ತಾ, ಇವರ ಹರಟೆ ಮುಗಿದು ಏನು ಬೇಕು ಅಂತ ಹೇಳಿದರೆ ಸಾಕಪ್ಪ ಅಂತ ಹಲ್ಲು ಕಚ್ಚಿಕೊಂಡು ನಿಂತಿರುವಳು. ಕೊನೆಗೆ ಕೂಗು ಬರುವುದು: "ಶದ್ಲಿಯಾ! ಕಿತ್ತಳೆ ಹೂವಿನ ನೀರು ತಾ. ಸಣ್ಣ ಬುಡ್ಡಿ ಬೇಡ ಕಣೇ, ನಾದಿನಿ ಇರೋವರೆಗೂ ಬರ್ಬೇಕು, ದೊಡ್ಡದೇ ತಾ."

ಬುಡ್ಡಿ ಹಿಡಿದು ಹೊರಗೆ ಹೋದರೆ ಝಕಿಯಾ ಅದನ್ನು ಶದ್ಲಿಯಾಳ ಕೈಯಿಂದ ಇಸಿದುಕೊಂಡು, ಹಲ್ಲೂಮಾಳ ಕೈಗೆ ಮುತ್ತಿಡುವಳು. "ನಿಮ್ಮ ಕೈಗುಣ ಲಲ್ಲಾ, ಇನ್ಯಾರಿಗೂ ಬರಲ್ಲ."

ಆ ಕೈ ಮೆತ್ತಗೆ, ಬೆಳ್ಳಗೆ, ಗೋರಂಟಿ ಹಾಕಿಸಿಕೊಂಡು ಇರುತ್ತಿತ್ತು. ಶದ್ಲಿಯಾಳ ಬೆರಳ ಸಂದಿಗಳು ಬಿರಿದು, ಅದರಲ್ಲಿ ಹಸಿರು ಕರೆ ಕೂತು, ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಊರ ಸ್ನಾನದ ಮನೆ ಹಮ್ಮಾಮಿನಲ್ಲಿ ಹೆಂಗಸರ ಮೈ ಉಜ್ಜುವ ದೂಜಾ ಅವಳನ್ನು ಕಂಡಾಗಲೆಲ್ಲ ಆಡಿಕೊಳ್ಳುತ್ತಿದ್ದಳು: "ಬಂದ್ಲಪ್ಪ ನಡೆದಾಡೋ ತೋಟ! ನಿನ್ನ ಮೈ ತೊಳೆದ ನೀರನ್ನೇ ಬುಡ್ಡಿಗೆ ತುಂಬಿಸಿ ಕೊಟ್ರೂ ಜನ ಕುಡಿದು ವಾಸಿ ಆಗ್ತಾರೆ ಕಣೇ." ಹಮ್ಮಾಮೆಲ್ಲ ಕೇಳುವ ಹಾಗೆ ಅನ್ನುತ್ತಿದ್ದಳು. ದೂಜಾಳಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವೇ ಇರಲಿಲ್ಲ. ಶದ್ಲಿಯಾಳಿಗೆ ಊರಿನಲ್ಲಿ ಯಾರನ್ನಾದರೂ ಕಂಡರೆ ತಲೆ ಚಿಟ್ಟುಹಿಡಿಯುತ್ತಿತ್ತು ಅಂದರೆ ಅದು ಈ ದೂಜಾಳನ್ನು.

ಹೀಗೇ ವರ್ಷಗಳು ಹೋದವು. ಮಗಳು ಹುಟ್ಟಿದಳು, ಬೆಳೆದಳು, ಸಮುದ್ರದ ಕಡೆಯ ಬೀದಿಗೆ ಮದುವೆಯಾಗಿ ಹೋದಳು. ಗಂಡ ತಿಜಾನಿ ಕುಂಬಾರರ ಆವಿಗೆಯಲ್ಲಿ ಬೆಂಕಿ ನೋಡಿಕೊಳ್ಳುವವನು. ಹಗಲೆಲ್ಲ ಬೆಂಕಿಯ ಮುಂದೆ ನಿಂತು ಬಂದವನಿಗೆ ಮನೆಯ ಒಲೆಯ ಕಡೆ ನೋಡಲೂ ಬೇಸರ. ಒಳ್ಳೆಯ ಮನುಷ್ಯ, ಮಾತು ಕಮ್ಮಿ. ಶದ್ಲಿಯಾಳದೂ ಮಾತು ಕಮ್ಮಿಯೇ. ಮಾತೆಲ್ಲ ಅತ್ತೆಯ ಪಾಲಿಗೆ ಹೋಗಿ ಇವರಿಬ್ಬರಿಗೆ ಉಳಿಯಲಿಲ್ಲವೇನೋ.

ಕೊನೆಗಾಲಕ್ಕೆ ಹಲ್ಲೂಮಾಳಿಗೆ ಕಣ್ಣು ಕಾಣುತ್ತಿರಲಿಲ್ಲ. ಬಂದವರು ಯಾರು ಅಂತ ಚಪ್ಪಲಿ ಸದ್ದಿನಿಂದಲೇ ಹೇಳುತ್ತಿದ್ದಳು. ಒಂದು ಬೇಸಿಗೆ, ಜೆರೇನಿಯಂ ಕಟಾವು ಮುಗಿದ ವಾರದಲ್ಲಿ, ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಓಣಿಯೆಲ್ಲ ಅತ್ತಿತು. ಪಕ್ಕದೂರುಗಳಿಂದಲೂ ಹೆಂಗಸರು ಬಂದರು. ಬಂದವರು ಶದ್ಲಿಯಾಳನ್ನು ತಬ್ಬಿಕೊಂಡು, "ಇನ್ನು ನಮಗ್ಯಾರಮ್ಮ ದಿಕ್ಕು" ಅಂತ ಅತ್ತರು. ಅವಳು ಸುಮ್ಮನೆ ಅವರ ಬೆನ್ನು ಸವರಿದಳು. ಅವಳಿಗೂ ಅಳು ಬಂತು, ಇಲ್ಲ ಅನ್ನುವ ಹಾಗಿಲ್ಲ. ಬೆಳಗಾದರೆ ಕೇಳುತ್ತಿದ್ದ ದನಿ ಅದು. ಆದರೂ ಅಳುವಿನ ನಡುವೆ ಒಂದು ಯೋಚನೆ ಬಂದು ಹೋಯಿತು: ದಿಕ್ಕು ಇಲ್ಲೇ ನಿಂತಿದೆಯಲ್ಲ, ಇವರಿಗೆ ಕಾಣುವುದಿಲ್ಲವೇ?

ಕಾಣಲಿಲ್ಲ. ಶೋಕದ ದಿನಗಳು ಮುಗಿದ ಮೇಲೆ ಜನ ಮತ್ತೆ ಬರತೊಡಗಿದರು. ಶದ್ಲಿಯಾ ಪರದೆ ಸರಿಸಿ ಹೊರಗೆ ಬರುವಳು. "ಏನು?" ಅನ್ನುವಳು. "ಕೆಮ್ಮು" ಅಂದರೆ ಝಾತರ್ ಸೊಪ್ಪಿನ ಪೊಟ್ಟಣ, "ಹೊಟ್ಟೆ ಉಬ್ಬರ" ಅಂದರೆ ಜೆರೇನಿಯಂ ನೀರು. ಕೊಟ್ಟು ಒಳಗೆ ಹೋಗುವಳು. ಒಲೆಯ ಮೇಲೆ ಏನಾದರೂ ಇದ್ದೇ ಇರುತ್ತಿತ್ತು. ಬಂದವರು ಕಟ್ಟೆಯ ಮೇಲಿನ ಕುರಿಚರ್ಮ ನೋಡಿ, ಒಂದು ಉಸಿರು ಬಿಟ್ಟು, ಮೊಟ್ಟೆಯನ್ನೋ ಸಕ್ಕರೆ ಪೊಟ್ಟಣವನ್ನೋ ಅಲ್ಲಿಟ್ಟು ಹೋಗುವರು.

ಬೇಸಿಗೆ ಕಳೆಯುವಷ್ಟರಲ್ಲಿ ಗುಸುಗುಸು ಶುರುವಾಯಿತು. ಝಕಿಯಾ ಅರ್ಧ ತುಂಬಿದ ಬುಡ್ಡಿ ವಾಪಸು ತಂದಳು.

"ತಪ್ಪು ತಿಳ್ಕೋಬೇಡ ಶದ್ಲಿಯಾ. ಇದು ಹಿಡೀತಿಲ್ಲ. ನಿಮ್ಮತ್ತೆ ಕೊಡ್ತಿದ್ದದ್ದು ಮೂಗಿನ ಹತ್ರ ತಂದ್ರೆ ಸಾಕು, ತಲೆನೋವು ಇಳಿದುಬಿಡ್ತಿತ್ತು."

"ಅದೇ ನೀರು ಇದು."

"ಅದೇ ಥರ ಮಾಡಿರ್ತೀಯ, ಇಲ್ಲ ಅನ್ನಲ್ಲ."

"ಅದೇ ಥರ ಅಲ್ಲ. ಅದೇ ನೀರು. ಈ ವಸಂತದಲ್ಲಿ ಇಳಿಸಿದ್ದು. ಅವರು ಬದುಕಿದ್ದಾಗ ನೀನು ತಗೊಂಡು ಹೋದದ್ದೂ ಇದೇ ಜಾಡಿಯಿಂದ."

ಝಕಿಯಾ ಬುಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಹಾಗಾದ್ರೆ ಅವರು ಹೋದ ಮೇಲೆ ಕೆಟ್ಟಿರ್ಬೇಕು" ಅಂದಳು.

ಆ ಸಂಜೆ ಶದ್ಲಿಯಾ ತಿಜಾನಿಯ ಮುಂದೆ ರೊಟ್ಟಿಯ ತಟ್ಟೆಯನ್ನು ಕುಕ್ಕಿದಳು. "ನಿಮ್ಮಮ್ಮ ಒಂದು ಎಲೆ ಕಿತ್ತು ಎಷ್ಟು ವರ್ಷ ಆಗಿತ್ತು? ಹೇಳಿ. ಒಂದು ಎಲೆ!"

ತಿಜಾನಿ ರೊಟ್ಟಿ ಮುರಿದು ಹರೀಸಾ ಚಟ್ನಿಗೆ ಅದ್ದಿದ. "ಜನ ಅಲ್ವಾ" ಅಂದ.

"ಜನ ಅಂದ್ರೆ?"

"ಜನ ಹಾಗೇ ಅಂತಾರೆ. ಅಮ್ಮನ ಜೊತೆ ಬರಕತ್, ಆ ಕೈಗುಣ, ಹೋಯ್ತು ಅಂತ ಆವಿಗೇಲೂ ಅಂದ್ರು."

"ನೀವೇನಂದ್ರಿ?"

"ನಾನೇನನ್ಲಿ. ಬೆಂಕಿ ನೋಡ್ತಿದ್ದೆ."

ಅಂತೂ ಜನ ಬರುವುದು ಕಮ್ಮಿಯಾಯಿತು. ಕೆಲವರು ಔಷಧಿ ಅಂಗಡಿಗೆ ಹೋದರು, ಕೆಲವರು ಪಕ್ಕದೂರು ಕೊರ್ಬಾದಲ್ಲಿ ಇನ್ಯಾರೋ ಮುದುಕಿಯನ್ನು ಹುಡುಕಿಕೊಂಡರು. ಮೊದಲ ಕೆಲವು ವಾರ ಶದ್ಲಿಯಾಳ ಹೊಟ್ಟೆ ಉರಿಯಿತು. ಆಮೇಲೆ ಏನಾಯಿತು ಅಂದರೆ, ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಚಾಪೆಯ ಮೇಲೆ ಸ್ವಲ್ಪ ಒರಗಿದಳು. ಎಚ್ಚರವಾದಾಗ ಬಿಸಿಲು ಗೋಡೆ ದಾಟಿ ಹೋಗಿತ್ತು. ಯಾರೂ ಕೂಗಿರಲಿಲ್ಲ. ಮದುವೆಯಾದಾಗಿನಿಂದ ಹಗಲಿನಲ್ಲಿ ಹೀಗೆ ಮಲಗಿದ್ದು ಹೆರಿಗೆಯ ನಂತರ ಮಾತ್ರ. ಮರುದಿನವೂ ಮಲಗಿದಳು. ಅದರ ಮರುದಿನವೂ. ಮೈಯೊಳಗೆ ಎಷ್ಟು ದಣಿವು ಕೂತಿತ್ತು ಅನ್ನುವುದು ಮಲಗತೊಡಗಿದ ಮೇಲೆಯೇ ಅವಳಿಗೆ ತಿಳಿದದ್ದು. ಮಲಗಿದಷ್ಟೂ ಇನ್ನೂ ಮಲಗಬೇಕು ಅನ್ನಿಸುತ್ತಿತ್ತು. ಪುದೀನ ತನ್ನ ಪಾತಿ ದಾಟಿ ಬಾವಿಕಟ್ಟೆಯವರೆಗೂ ಹಬ್ಬಿತು. ರೋಸ್ಮೆರಿ ಕತ್ತರಿ ಕಾಣದೆ ಕೆದರಿಕೊಂಡಿತು. ಅವಳು ಅದನ್ನೆಲ್ಲ ನೋಡಿದಳು, ಹಬ್ಬಲಿ ಬಿಡು ಅಂದುಕೊಂಡಳು. ಬರಕತ್ ಅತ್ತೆಯ ಜೊತೆ ಹೋಗಿದ್ದರೆ ಹೋಗಲಿ. ಇಬ್ಬರೂ ಆರಾಮಾಗಿರಲಿ.

ಹಾಗೆ ಚಳಿಗಾಲ ಬಂತು. ಒಂದು ಬೆಳಿಗ್ಗೆ ತುಂತುರು ಬೀಳುತ್ತಿದ್ದಾಗ ರೌದಾ ಅನ್ನುವ ಹುಡುಗಿ ಬಂದಳು. ಹಿಂದಿನ ಓಣಿಯಲ್ಲಿ ರೊಟ್ಟಿ ಸುಟ್ಟು ಮಾರುವ ಒಲೆಯವರ ಹೊಸ ಸೊಸೆ. ಶರತ್ಕಾಲದಲ್ಲಿ ಮದುವೆಯಾಗಿ ಬಂದವಳು. ತಲೆಯ ಮೇಲೆ ಬಿಳಿ ಹೊದಿಕೆ ಎಳೆದುಕೊಂಡು ಬಾಗಿಲಲ್ಲೇ ನಿಂತಳು. ಶದ್ಲಿಯಾ ಒಲೆಯ ಮೇಲೆ ಅವರೆಕಾಳು ಇಟ್ಟು ಬಂದಿದ್ದಳು.

"ಏನು?"

"ಹೊಟ್ಟೆ ನೋವು, ಖಾಲ್ತಿ." ಚಿಕ್ಕಮ್ಮ ಅನ್ನುವ ಹಾಗೆ ಕರೆದಳು.

"ಎಲ್ಲಿ?"

ಹುಡುಗಿ ಕೆಳಹೊಟ್ಟೆಯ ಮೇಲೆ ಕೈಯಿಟ್ಟು ನೆಲ ನೋಡಿದಳು.

"ತಿಂಗಳಿನದ್ದಾ?"

"ಹ್ಞೂಂ... ಅದೂ ಸರಿಯಾಗಿ..." ಅಂದು ಹೊದಿಕೆಯನ್ನು ಇನ್ನಷ್ಟು ಎಳೆದುಕೊಂಡಳು.

ಕಾಳು ಉಕ್ಕುವ ಸದ್ದು ಕೇಳಿಸಿತು. ಶದ್ಲಿಯಾ ಒಳಗೆ ಓಡಿ ಮುಚ್ಚಳ ತೆಗೆದು, ಹಾಗೇ ಗೂಟದಲ್ಲಿ ತೂಗುಹಾಕಿದ್ದ ನಾಗದಾಳಿಯ ಕಟ್ಟಿನಿಂದ ಒಂದು ಹಿಡಿ ಮುರಿದು ಕಾಗದದಲ್ಲಿ ಸುತ್ತಿ ತಂದಳು. "ಕುದಿಸಿ, ಸೋಸಿ, ಜೇನು ಹಾಕ್ಕೊಂಡು ಕುಡಿ. ಖಾಲಿ ಹೊಟ್ಟೇಲಿ" ಅಂದು ಒಳಗೆ ಹೋದಳು. ಅಷ್ಟೇ ನಡೆದದ್ದು.

ಕಾಳು ಬಸಿಯುವಷ್ಟರಲ್ಲಿ ಹೊರಬಾಗಿಲು ಧಡ್ ಅಂತ ಗೋಡೆಗೆ ಬಡಿಯಿತು. ದೂಜಾ. ಸೊಂಟ ಹಿಡಿದುಕೊಂಡಿದ್ದ ಕಾರಣಕ್ಕೆ ಹಮ್ಮಾಮಿನ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಓಣಿಯ ತಿರುವಿನಲ್ಲಿ ಕೂತು ಹೋಗಿ ಬರುವವರನ್ನು ವಿಚಾರಿಸುವುದೇ ಅವಳ ಕೆಲಸವಾಗಿತ್ತು. ಈಗ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಆ ಕಾಗದದ ಪೊಟ್ಟಣ. ಹಿಂದೆ ರೌದಾ ಬಿಕ್ಕುತ್ತಾ ನಿಂತಿದ್ದಳು.

"ಏನೇ ಇದು?" ಅಂತ ದೂಜಾ ಪೊಟ್ಟಣವನ್ನು ಶದ್ಲಿಯಾಳ ಮೂಗಿಗೇ ಹಿಡಿದಳು.

"ನಾಗದಾಳಿ. ಅವಳಿಗೆ ಹೊಟ್ಟೆ ನೋವಂತೆ."

"ನಾಗದಾಳಿ ಅಂತ ನನಗೂ ಗೊತ್ತು, ಆ ವಾಸನೆ ಓಣಿ ತುದಿಗೇ ಬಂತು. ಇವಳನ್ನ ಕೇಳಿದ್ಯಾ?"

"ಕೇಳಿದೆ."

"ಏನು ಕೇಳ್ದೆ? ಹಮ್ಮಾಮಿಗೆ ಯಾವಾಗ ಹೋಗಿದ್ದೆ ಅಂತ ಕೇಳಿದ್ಯಾ? ನಾನು ಕೇಳ್ದೆ. ಎರಡು ತಿಂಗಳಾಯ್ತಂತೆ ಇವಳು ಮುಟ್ಟು ಕಳೆದ ಸ್ನಾನಕ್ಕೆ ಹೋಗಿ! ಬೆಳಗಾದ್ರೆ ರೊಟ್ಟಿ ವಾಸನೆಗೆ ವಾಂತಿ ಬರುತ್ತಂತೆ, ರೊಟ್ಟಿ ಒಲೆಯವರ ಮನೇಲಿ! ದೃಷ್ಟಿಯಾಗುತ್ತೆ ಅಂತ ಅತ್ತೆಗೂ ಹೇಳದೆ ಮುಚ್ಚಿಟ್ಕೊಂಡು ಕೂತಿದೆ ಈ ಮಂಗ. ಇದನ್ನ ಕುಡಿದಿದ್ರೆ ಮಗು ಉಳೀತಿತ್ತೇನೇ? ಹೇಳು! ನಿನಗೆ ಗೊತ್ತಿಲ್ಲದ್ದಾ ಇದು?"

ಗೊತ್ತಿತ್ತು. ಬಸುರಿಯರ ಕೈಗೆ ನಾಗದಾಳಿ ಕೊಡಬಾರದು ಅನ್ನುವುದು ಅವಳು ಈ ಮನೆಯಲ್ಲಿ ಕಲಿತ ಮೊದಲ ಮಾತು. ಶದ್ಲಿಯಾ ಹಿಂದೆ ಏನಿದೆ ಅಂತ ನೋಡದೆ ಕೂತುಬಿಟ್ಟಳು. ಕೂತ ಮೇಲೆ ಗೊತ್ತಾಯಿತು, ಅದು ಅತ್ತೆಯ ಕಟ್ಟೆ.

ರೌದಾ ಅಳು ನಿಲ್ಲಿಸಿ, "ಖಾಲ್ತಿ, ನೀವು ಬೇಜಾರ್ ಮಾಡ್ಕೋಬೇಡಿ, ನಾನೇ ಹೇಳ್ಲಿಲ್ಲ" ಅಂದಳು.

"ಇವಳು ಹೇಳ್ತಾಳಾ?" ದೂಜಾಳ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಯಾವ ಹೊಸ ಸೊಸೆ ತಾನಾಗಿ ಹೇಳಿದ್ದುಂಟು? ಬಾಯಿ ಬಿಡಿಸ್ಬೇಕು. ಹಲ್ಲೂಮಾ ಇದ್ದಿದ್ರೆ ಬಿಡಿಸದೆ ಬಿಡ್ತಿದ್ಲಾ?" ಅಂದವಳು ಶದ್ಲಿಯಾಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಹುಡುಗಿಯ ಹೆಗಲ ಮೇಲೆ ಕೈಹಾಕಿ, "ನಡಿ, ಮೊದಲು ನಿಮ್ಮತ್ತೆಗೆ ಹೇಳೋಣ, ಆಮೇಲೆ ಡಾಕ್ಟರಮ್ಮನ ಹತ್ರ ಹೋಗು. ನೋವಿದ್ರೆ ತೋರಿಸ್ಬೇಕು" ಅಂತ ಕರೆದುಕೊಂಡು ಹೋದಳು.

ಶದ್ಲಿಯಾ ಬಹಳ ಹೊತ್ತು ಅಲ್ಲೇ ಕೂತಿದ್ದಳು. ಪರದೆಯ ಈಚೆಯಿಂದ ಅವಳು ಕೇಳಿದ್ದ ಆ ಹರಟೆಯೆಲ್ಲ ಈಗ ನೆನಪಿಗೆ ಬರುತ್ತಿತ್ತು. ಹೊಸ ಸೊಸೆಯರು ಯಾರು ಬಂದರೂ ಅತ್ತೆ, "ಹಮ್ಮಾಮಿನಲ್ಲಿ ಈಚೆಗೆ ಭಾರಿ ಬಿಸಿನೀರಂತೆ, ಹೌದೇನೇ? ನೀನು ಹೋಗಿದ್ದು ಯಾವಾಗ?" ಅಂತ ಮಾತು ತೆಗೆಯುತ್ತಿದ್ದದ್ದು. ಗಂಡನಿಗೆ ಎದೆ ಉರಿ ಅಂತ ಬಂದ ಮುದುಕಿಯನ್ನು, ಮೆಟ್ಟಿಲು ಹತ್ತುವಾಗಲೂ ಉರಿಯುತ್ತದಾ ಅಂತ ಕೇಳಿ, "ಇದು ನನ್ನ ಕೈಲಾಗೋದಲ್ಲ, ಆಸ್ಪತ್ರೆಗೆ ಕರ್ಕೊಂಡು ಓಡು" ಅಂದದ್ದು. ಶದ್ಲಿಯಾ ಇದನ್ನೆಲ್ಲ ಕೇಳಿದ್ದಳು, ಆದರೆ ಕಿವಿಗೆ ಹಾಕಿಕೊಂಡಿರಲಿಲ್ಲ. ಮುದುಕಿಗೆ ಕೂತು ತಿನ್ನುವ ಯೋಗ ಅಂದುಕೊಂಡಿದ್ದಳು. ಈಗ ಅತ್ತೆಯ ಮೇಲೆ ಹೊಸದೊಂದು ಸಿಟ್ಟು ಬಂತು. ಎಲೆಯ ಬಗ್ಗೆ, ಬೆಂಕಿಯ ಬಗ್ಗೆ ಎಲ್ಲ ಹೇಳಿಕೊಟ್ಟೆಯಲ್ಲ ತಾಯಿ, ಇದನ್ನು ಯಾಕೆ ಹೇಳಲಿಲ್ಲ? ಹೇಳಿದ್ದರೂ ನನಗೆ ಬರುತ್ತಿತ್ತೋ ಇಲ್ಲವೋ ಅಂತಲೂ ಅನ್ನಿಸಿತು. ಅವಳಿಗೆ ಜನರನ್ನು ಕಂಡರೆ ದಣಿವಾಗುತ್ತಿತ್ತು. ಅದು ಇಂದು ನಿನ್ನೆಯದಲ್ಲ.

ಅವಳು ತೋಟಕ್ಕೆ ಹೋಗಿ ನಾಗದಾಳಿಯನ್ನು ಬುಡಸಮೇತ ಕೀಳಲು ನೋಡಿದಳು. ಹಳೆಯ ಪೊದೆ, ಬೇರು ಗೋಡೆಯ ಕೆಳಗೆ ಹೋಗಿತ್ತು. ಎಳೆದೂ ಎಳೆದೂ ಅಂಗೈ ಕಿತ್ತುಬಂದರೂ ಅದು ಅಲ್ಲಾಡಲಿಲ್ಲ. ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದು ಹಾಕಿ, ಕೈ ತೊಳೆದು ಒಳಗೆ ಬಂದಳು. ತಿಜಾನಿ ಬಂದಾಗ, "ಇನ್ನು ನಾನು ಯಾರಿಗೂ ಏನೂ ಕೊಡಲ್ಲ" ಅಂದಳು. ಅವನು ಯಾಕೆ ಅಂತ ಕೇಳಲಿಲ್ಲ. ಓಣಿಯಲ್ಲಿ ಬರುವಾಗಲೇ ಅವನ ಕಿವಿಗೆ ಬಿದ್ದಿತ್ತು. ಆ ರಾತ್ರಿ ತಾನೇ ಚಹಾ ಮಾಡಿ ಅವಳ ಮುಂದಿಟ್ಟ. ಸಕ್ಕರೆ ಜಾಸ್ತಿಯಾಗಿತ್ತು. ಅವಳು ಕುಡಿದಳು.

ಚಳಿಗಾಲದ ಉಳಿದ ದಿನಗಳು ಹಾಗೇ ಹೋದವು. ಮಧ್ಯಾಹ್ನದ ನಿದ್ದೆ ಮಾತ್ರ ಮೊದಲಿನ ಹಾಗೆ ಹತ್ತುತ್ತಿರಲಿಲ್ಲ. ಮಲಗಿದರೆ ಆ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತದ್ದೇ ಕಣ್ಣಿಗೆ ಬರುತ್ತಿತ್ತು.

ವಸಂತ ಬಂತು. ಕಿತ್ತಳೆ ಮರಗಳಿಗೆ ಇದೆಲ್ಲ ಗೊತ್ತಾಗಬೇಕಲ್ಲ. ಆ ವರ್ಷ ಎಂದಿಗಿಂತ ಹೆಚ್ಚು ಹೂ ಬಿಟ್ಟವು. ಶದ್ಲಿಯಾ ಮರದ ಕೆಳಗೆ ಬಟ್ಟೆ ಹಾಸಲಿಲ್ಲ, ಏಣಿ ಇಡಲಿಲ್ಲ. ಹೂವು ಉದುರಿ ಉದುರಿ ಮಣ್ಣಿನಲ್ಲಿ ಕಂದಿ, ಘಮ ಮೊದಲು ಸಿಹಿಯಾಗಿ, ಆಮೇಲೆ ಕೊಳೆತ ಹಾಗಾಗಿ ಓಣಿಗೆ ಹರಡಿತು.

ಒಂದು ಬೆಳಿಗ್ಗೆ ಹೊರಗೆ ಕೋಲಿನ ಸದ್ದು ಕೇಳಿತು. ಶದ್ಲಿಯಾ ಪರದೆಯ ಸಂದಿಯಿಂದ ನೋಡಿದರೆ, ದೂಜಾ ಕಟ್ಟೆಯ ಮೇಲೆ ಕುರಿಚರ್ಮ ಸರಿಮಾಡಿಕೊಂಡು ಕೂತಿದ್ದಾಳೆ.

"ಏನು ದೂಜಾ?"

"ಏನಿಲ್ಲ. ಸೊಂಟ ಹಿಡ್ಕೊಂಡಿದೆ, ಸ್ವಲ್ಪ ಹೊತ್ತು ಕೂತ್ಕೊಳ್ತೀನಿ. ನಿನ್ನ ತೋಟದ ಹೂವು ಕೊಳೆತು ನಾರ್ತಿದೆ, ಓಣಿಗೆಲ್ಲ ತಲೆ ಸುತ್ತು. ಕೀಳಲ್ವಾ?"

"ಕೀಳಲ್ಲ."

"ಸರಿ" ಅಂದಳು ದೂಜಾ. ಆದರೆ ಏಳಲಿಲ್ಲ.

ಬಾಗಿಲು ತೆರೆದಿತ್ತು, ದೂಜಾಳ ದನಿ ಓಣಿಯ ತುದಿಗೆ ಮುಟ್ಟುವಂಥದ್ದು. ಹೋಗುವವರನ್ನು ಕರೆದು ಮಾತಾಡಿಸಿದಳು. ಮರುದಿನ ಮತ್ತೆ ಬಂದಳು. ಸೊಂಟಕ್ಕೆ ಆ ಕಲ್ಲಿನ ತಂಪು ಹಿತ ಅಂದಳು. ಮೂರನೆಯ ದಿನವೋ ನಾಲ್ಕನೆಯ ದಿನವೋ ಅಡುಗೆ ಮಾಡುತ್ತಿದ್ದ ಶದ್ಲಿಯಾಳಿಗೆ ಹೊರಗೆ ಝಕಿಯಾಳ ದನಿ ಕೇಳಿಸಿತು. ಮಗನಿಗೆ ಕೆಮ್ಮಂತೆ. ದೂಜಾ ವಿಚಾರಣೆಗೆ ಇಳಿದಿದ್ದಳು: ಕೆಮ್ಮು ಒಣದ್ದೋ ಕಫದ್ದೋ, ಹುಡುಗ ಓದುತ್ತಾನೋ ಇಲ್ಲವೋ, ಸಮುದ್ರದ ಹತ್ತಿರ ಆ ಸಿಗರೇಟು ಸೇದುವ ಹುಡುಗರ ಜೊತೆ ಕಂಡಿದ್ದು ಇವನೇ ಅಲ್ಲವೋ.

"ಅವನೇನಾ?" ಝಕಿಯಾ ಎದೆ ಬಡಿದುಕೊಂಡಳು.

"ಅಯ್ಯೋ, ನಾನು ನೋಡಿದ್ದು ದೂರದಿಂದ. ಅವನ ಜೇಬು ನೋಡು, ನನ್ನ ಹೆಸರು ಹೇಳ್ಬೇಡ." ಆಮೇಲೆ, ಎಷ್ಟೋ ವರ್ಷದ ಅಭ್ಯಾಸವೇನೋ ಅನ್ನುವ ಹಾಗೆ, ತಲೆ ಹಿಂದಕ್ಕೆ ಎಸೆದು ಕೂಗಿದಳು: "ಶದ್ಲಿಯಾ! ಝಾತರ್ ಸೊಪ್ಪು ತಾರೇ!"

ಶದ್ಲಿಯಾ ಸೌಟು ಹಿಡಿದೇ ಹೊರಗೆ ಬಂದಳು. "ನಾನು ಬಾಗಿಲು ಮುಚ್ಚಿದ್ದೀನಿ ಅಂತ ಗೊತ್ತಿಲ್ವಾ ನಿನಗೆ?"

"ತೆಗೆದೇ ಇತ್ತಲ್ಲೇ."

"ತಮಾಷೆ ಮಾಡ್ಬೇಡ. ನನಗೆ ಸಾಕಾಗಿದೆ ದೂಜಾ. ಕೀಳೋಕೆ ಆಗಲ್ಲ, ಹೊರೋಕೆ ಆಗಲ್ಲ, ಬಂದವರನ್ನ ಮಾತಾಡಿಸೋಕಂತೂ ಆಗೋದೇ ಇಲ್ಲ. ಒಂದು ಮಗು ನನ್ನ ಕೈಯಿಂದ ಹೋಗ್ತಿತ್ತು."

"ಹೋಗ್ಲಿಲ್ವಲ್ಲ" ಅಂದಳು ದೂಜಾ, ಮೊದಲ ಸಲ ಮೆಲ್ಲಗೆ. "ಮಾತಾಡ್ಸು ಅಂತ ನಿನಗೆ ಯಾರು ಹೇಳಿದ್ರು? ಅದು ನಿನ್ನ ಕೈಲಾಗಲ್ಲ ಅಂತ ಓಣಿಗೇ ಗೊತ್ತು. ನಾನು ಸುಮ್ನೆ ಕೂತ್ರೆ ಸತ್ತೋಗ್ತೀನಿ ಅಂತಲೂ ಗೊತ್ತು."

ಝಕಿಯಾ ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದಳು. ಶದ್ಲಿಯಾ ಅವಳ ಕಡೆ ತಿರುಗಿದಳು. ಏನು ಹೇಳಬೇಕು ಅಂತ ಯೋಚಿಸಿರಲಿಲ್ಲ, ಆದರೆ ಮಾತು ಬಂತು.

"ಸೊಪ್ಪು ಬೇಕಾ? ತೋಟದಲ್ಲಿದೆ. ಕತ್ತರಿ ಬಾವಿ ಹತ್ರ ಇದೆ. ಹೋಗಿ ಕೊಯ್ಕೋ."

"ನಾನಾ?"

"ನೀನೇ. ನನ್ನ ಮೊಣಕಾಲು ಮಡಚಲ್ಲ. ಹೂವಿನ ನೀರೂ ಅಷ್ಟೆ. ಬೇಕಾದವರು ಬಂದು ಏಣಿ ಹತ್ತಿ ಕೀಳಲಿ. ನಾನು ಬೆಂಕಿ ಹಾಕ್ತೀನಿ, ನೀರು ಇಳಿಸ್ತೀನಿ, ಅಷ್ಟೇ. ಅದಕ್ಕೂ ಒಪ್ಪಿಗೆ ಇಲ್ಲ ಅಂದ್ರೆ ಕೊರ್ಬಾಕ್ಕೆ ಬಸ್ಸಿದೆ."

ಝಕಿಯಾ ಗೊಣಗುತ್ತಲೇ ಒಳಗೆ ಹೋದಳು. ಇಷ್ಟು ವರ್ಷ ಅವಳು ಆ ಪರದೆ ದಾಟಿರಲಿಲ್ಲ. ಬಹಳ ಹೊತ್ತಾದ ಮೇಲೆ, ಮುಡಿಗೆಲ್ಲ ಎಲೆ ಸಿಕ್ಕಿಸಿಕೊಂಡು, ಬೆವರುತ್ತಾ ಬಂದಳು. ಕೈಯಲ್ಲಿ ಒಂದು ಹಿಡಿಯೂ ಇರಲಿಲ್ಲ. "ಇದನ್ನ ನೀನೊಬ್ಬಳೇ ಮಾಡ್ತಿದ್ದೆಯಾ?" ಅಂದಳು. ಶದ್ಲಿಯಾ ಸೊಪ್ಪನ್ನು ಇಸಿದುಕೊಂಡಳು. "ಇದರಲ್ಲಿ ಅರ್ಧ ಬರೀ ಹುಲ್ಲು" ಅಂತ ಆರಿಸಿ ಬಿಸಾಕಿದಳು.

ಆ ವಾರ ಹೆಂಗಸರು ಬಂದರು. ಎಲ್ಲರೂ ಅಲ್ಲ. ಕೆಲವರು ಇದೆಂಥ ಸೊಕ್ಕು ಅಂದು ಬರಲೇ ಇಲ್ಲ. ಬಂದವರು ಬಟ್ಟೆ ಹಾಸಿದರು, ಏಣಿಯ ಬುಡ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಕಿರುಚಾಡಿದರು, ಮೊಗ್ಗು ಬಿಟ್ಟು ಬರೀ ಎಲೆ ಕಿತ್ತರು. ದೂಜಾ ಕಟ್ಟೆಯಿಂದಲೇ ಎಲ್ಲರ ಸಂಸಾರ ವಿಚಾರಿಸುತ್ತಿದ್ದಳು. ಶದ್ಲಿಯಾ ತಾಮ್ರದ ಭಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತು ಬೆಂಕಿ ನೋಡಿಕೊಂಡಳು. ಗದ್ದಲಕ್ಕೆ ತಲೆ ಸಿಡಿಯುತ್ತಿತ್ತು.

ರೌದಾಳೂ ಬಂದಳು. ಹೊಟ್ಟೆ ಕಾಣಿಸುವ ಹಾಗಾಗಿತ್ತು. ಏಣಿ ಹತ್ತಬೇಡ ಅಂತ ಎಲ್ಲರೂ ಗದರಿ ಅವಳನ್ನು ಶದ್ಲಿಯಾಳ ಪಕ್ಕದಲ್ಲಿ ಹೂವು ಆರಿಸಲು ಕೂರಿಸಿದರು. ಪಾತ್ರೆಯ ಮೂತಿಯಿಂದ ಹನಿ ಬೀಳಲು ಶುರುವಾದಾಗ ಶದ್ಲಿಯಾ ಬೆಂಕಿಯಿಂದ ಒಂದು ಕೊಳ್ಳಿ ಹಿಂದೆಳೆದು, ಹುಡುಗಿಯ ಕಡೆ ನೋಡದೆ, "ಊಟ ಸೇರ್ತಿದೆಯಾ?" ಅಂದಳು.

"ಸೇರ್ತಿದೆ ಖಾಲ್ತಿ. ರೊಟ್ಟಿ ವಾಸನೆ ಈಗ ಏನೂ ಅನ್ಸಲ್ಲ. ಈಗ ಮೀನಿನದ್ದು ಶುರುವಾಗಿದೆ. ನಮ್ಮತ್ತೆ ದಿನಾ ಮೀನು ತರ್ತಾರೆ. ಮಗುವಿಗೆ ಒಳ್ಳೇದು ಅಂತಾರೆ. ನಾನು ಬೇಡ ಅಂದ್ರೆ ನಮ್ಮ ಮನೆಯವರು..." ಅಂತ ಹುಡುಗಿ ಶುರುಮಾಡಿದಳು. ಮಾವನ ಗೊರಕೆ, ಅಮ್ಮನ ಮನೆಯ ದೂರ, ಬೆನ್ನು ನೋವು, ಹೆಣ್ಣಾದರೆ ಏನು ಹೆಸರಿಡುವುದು. ಶದ್ಲಿಯಾಳಿಗೆ ಅರ್ಧದಲ್ಲೇ ಸುಸ್ತಾಯಿತು. ಆದರೂ "ಹ್ಞೂಂ" ಅಂತ ಕೇಳುತ್ತಾ ಹೋದಳು. ಬೆನ್ನು ನೋವು ಅಂದಾಗ, "ಎಲ್ಲಿ, ಮೇಲಾ ಕೆಳಗಾ? ಡಾಕ್ಟರಮ್ಮನಿಗೆ ಹೇಳಿದ್ಯಾ?" ಅಂತ ಕೇಳಿದಳು. ಹೇಳಿದ್ದಳಂತೆ.

ಸಂಜೆ ಎಲ್ಲರೂ ತಮ್ಮ ತಮ್ಮ ಬುಡ್ಡಿ ತುಂಬಿಸಿಕೊಂಡು ಹೋದರು. ದೂಜಾಳನ್ನು ಇಬ್ಬರು ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರು. ಅಂಗಳದ ತುಂಬ ತುಳಿದ ಹೂವು, ಮುರಿದ ಕಡ್ಡಿ, ಯಾರದೋ ಮರೆತುಹೋದ ಒಂದು ಚಪ್ಪಲಿ. ಶದ್ಲಿಯಾ ಪೊರಕೆಯ ಕಡೆ ನೋಡಿದಳು. ಬೆನ್ನು ನೇರ ಮಾಡಲೂ ಆಗುತ್ತಿರಲಿಲ್ಲ. ಪೊರಕೆ ಇದ್ದಲ್ಲೇ ಇರಲಿ ಅಂತ ಹೋಗಿ ಚಾಪೆಯ ಮೇಲೆ ಬಿದ್ದುಕೊಂಡಳು.

ತಿಜಾನಿ ಬಂದು ಅಂಗಳ ನೋಡಿ ಬಾಗಿಲಲ್ಲೇ ನಿಂತ. "ಇದನ್ನ ಗುಡಿಸೋದು ಯಾರು?"

"ನಾಳೆ ಅವರೇ ಬಂದು ಗುಡಿಸ್ತಾರೆ."

"ಬರ್ತಾರಾ?"

"ಇನ್ನೂ ಎರಡು ಮರ ಕೀಳೋದಿದೆ" ಅಂದಳು ಶದ್ಲಿಯಾ ಕಣ್ಣು ಮುಚ್ಚಿಕೊಂಡೇ. "ಬರ್ದಿದ್ರೆ ನೀವು ಗುಡಿಸಿ."

ಅವನು ಹೂವು ತುಳಿಯದ ಹಾಗೆ ಗೋಡೆಯ ಬದಿಯಿಂದ ನಡೆದು ಕೈಕಾಲು ತೊಳೆಯಲು ಬಾವಿಯ ಕಡೆಗೆ ಹೋದ.